ಕ್ವಾಯರ್ ಮಾಸ್ಟ್ರು ನಿವೃತ್ತರಾಗುವಾಗ ಚರ್ಚ್ ಏನೇನು ಮಾಡಬೇಕು: ಕೊಡಗಿನಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಚರ್ಚಿನಲ್ಲಿ ನಾನು ಕಂಡಂತೆ ಎರಡು ಸಲ ಕ್ವಾಯರ್ ಮಾಸ್ಟ್ರನ್ನು, ಅಂದರೆ ಹಾಡುವ ತಂಡವನ್ನು ನಡೆಸಿ ವಾದ್ಯ ನುಡಿಸುವವರನ್ನು, ಬೀಳ್ಕೊಟ್ಟಿದ್ದೇವೆ. ಮೊದಲನೇ ಸಲ ಶಾಲು, ಹಾರ, ಹಣ್ಣಿನ ಬುಟ್ಟಿ, ಐದು ಜನರ ಭಾಷಣ, ಹೊಟ್ಟೆ ತುಂಬ ಊಟ ಎಲ್ಲವೂ ಇತ್ತು. ಮುಂದಿನ ಭಾನುವಾರ ಕಾಣಿಕೆ ಗೀತೆಗೆ ಕ್ವಾಯರಿನವರು ಎದ್ದು ನಿಂತರು. ಕೀಬೋರ್ಡಿನ ಮುಂದೆ ಕೂತಿದ್ದ ಹುಡುಗ ಪುಸ್ತಕ ತಿರುವಿದ, ಮತ್ತೆ ತಿರುವಿದ. ಹಾಡಿನ ಸಾಲುಗಳೇನೋ ಇದ್ದವು. ರಾಗ ಮಾತ್ರ ಯಾರಲ್ಲೂ ಇರಲಿಲ್ಲ. ಅದನ್ನು ಮಾಸ್ಟ್ರೇ ಕಟ್ಟಿದ್ದರು, ಎಲ್ಲೂ ಬರೆದಿಟ್ಟಿರಲಿಲ್ಲ. ಹಾಡುವವರಿಗೆ ಅವರು ಎರಡು ಸ್ವರ ಒತ್ತಿದರೆ ಸಾಕಿತ್ತು, ಉಳಿದದ್ದು ತಾನಾಗಿ ಬರುತ್ತಿತ್ತು. ಆ ಎರಡು ಸ್ವರ ಯಾವುದು ಅಂತ ಯಾರಿಗೂ ಗೊತ್ತಿಲ್ಲ!

ಅಷ್ಟು ಹೊತ್ತಿಗೆ ಅವರು ಬೆಂಗಳೂರಿನ ಮಗಳ ಮನೆ ಸೇರಿದ್ದರು. ಆ ರಾತ್ರಿ ಫೋನ್ ಮಾಡಿದೆ. ಪಾಪ, ಅವರು ಹಾಡಿ ತೋರಿಸಿದರು. ನಮ್ಮ ತೋಟದ ಮನೆಯ ಫೋನ್ ಲೈನ್ ಆಗ ನೆಟ್ಟಗಿರುತ್ತಿರಲಿಲ್ಲ. ಅರ್ಧ ಹಾಡು ಕೇಳಿಸಿಕೊಂಡೆ. ಉಳಿದರ್ಧ ಹೋಯಿತು.

ಎರಡನೇ ಸಲ ಹಾಗಾಗಲು ಬಿಡಲಿಲ್ಲ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಮೈಸೂರು ಧರ್ಮಕ್ಷೇತ್ರದ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರ. ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಚರ್ಚ್) ಸಭೆಯವರಿಗೂ ಇದರಲ್ಲಿ ಮುಕ್ಕಾಲು ಭಾಗ ಹಾಗೇ ಹೊಂದುತ್ತದೆ. ಫಾದರ್ ಅಂತ ಬರೆದ ಕಡೆ ಅಯ್ಯನವರು ಅಂತ, ಪಾಲನಾ ಪರಿಷತ್ತು ಅಂತ ಬರೆದ ಕಡೆ ಪಾಸ್ಟರೇಟ್ ಕಮಿಟಿ ಅಂತ ಓದಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸನ್ಮಾನ ಒಂದು ದಿನದ ಕೆಲಸ. ಹಾಡುಗಳನ್ನು ಅವರ ಕೈಯಿಂದ ಇಳಿಸಿಕೊಳ್ಳುವುದು ಮೂರು ತಿಂಗಳ ಕೆಲಸ. ಎಲ್ಲರೂ ಸನ್ಮಾನಕ್ಕೆ ಕಮಿಟಿ ಮಾಡುತ್ತಾರೆ, ಎರಡನೆಯದಕ್ಕೆ ಯಾರೂ ಇರುವುದಿಲ್ಲ. ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕರ ಚರ್ಚ್ ನೋಡಿದ್ದೀರಲ್ವಾ? 1859ರಲ್ಲಿ ಕಟ್ಟಿದ್ದು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಗೋಡೆ, ಕಿಟಕಿ ಎಲ್ಲ ಗಟ್ಟಿಯಾಗಿವೆ. ಅಲ್ಲಿ ಭಾನುವಾರ ಬೆಳಿಗ್ಗೆ ಯಾವ ಹಾಡು ಯಾವ ಶ್ರುತಿಯಲ್ಲಿ ಶುರುವಾಗುತ್ತಿತ್ತು ಅಂತ ಆ ಗೋಡೆಗಳನ್ನು ಕೇಳಿದರೆ ಹೇಳುತ್ತವೆಯೇ?

ಹಂತ 1: ಮೊದಲು ಅವರ ಮನೆಗೆ ಹೋಗಿ

ನಿವೃತ್ತಿಯ ಮಾತು ಮಾಸ್ಟ್ರ ಬಾಯಿಂದಲೇ ಬರಬೇಕು. ಬೆರಳು ಮೊದಲಿನಂತೆ ಓಡುತ್ತಿಲ್ಲ, ಕಿವಿ ಮಂದವಾಗಿದೆ, ಚಳಿಗೆ ಗಂಟು ನೋಯುತ್ತದೆ ಅಂತ ನಮಗೆಲ್ಲ ಕಾಣುತ್ತಿರುತ್ತದೆ. ಆದರೂ ಕ್ವಾಯರಿನ ವಾಟ್ಸಾಪ್ ಗುಂಪಿನಲ್ಲಿ ಆ ಚರ್ಚೆ ಬೇಡ. ಯಾರೋ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಅವರ ಸೊಸೆಗೆ ಕಳಿಸಿಯೇ ಕಳಿಸುತ್ತಾರೆ.

ಫಾದರ್ ಮತ್ತು ಪರಿಷತ್ತಿನ ಕಾರ್ಯದರ್ಶಿ, ಇಬ್ಬರೇ, ಒಂದು ಸಂಜೆ ಅವರ ಮನೆಗೆ ಹೋಗಲಿ. ಆಫೀಸಿಗೆ ಕರೆಸಬೇಡಿ. ಕಾಫಿ ಕುಡಿಯಿರಿ, ಮಳೆ ಮಾತಾಡಿ, ಕರಿಮೆಣಸಿನ ರೇಟು ಮಾತಾಡಿ. ಆಮೇಲೆ "ಮಾಸ್ಟ್ರೇ, ಮುಂದಿನ ವರ್ಷದ ಬಗ್ಗೆ ನಿಮ್ಮ ಮನಸ್ಸಲ್ಲಿ ಏನಿದೆ?" ಅಂತ ಕೇಳಿ. ಅಷ್ಟು ಸಾಕು. ನಮ್ಮ ಮಾಸ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಹೆಂಡತಿ ಒಳಗಿನಿಂದ, "ಎರಡು ವರ್ಷದಿಂದ ಕೇಳಲಿ ಅಂತ ಕಾಯ್ತಾ ಇದ್ರು ಫಾದರ್" ಅಂದರು.

ಆ ಮಾತುಕತೆಯಲ್ಲಿ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಕೊನೆಯ ಭಾನುವಾರ ಯಾವುದು, ಅಲ್ಲಿಯವರೆಗೆ ಹೊಸಬರ ಜೊತೆ ಕೂರಲು ಒಪ್ಪಿಗೆಯಿದೆಯೇ, ಆಮೇಲೆ ಮದುವೆ ಮತ್ತು ಸಾವಿನ ಪೂಜೆಗೆ ಕರೆದರೆ ಬರುತ್ತಾರೆಯೇ. ಮೂರನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ಕೊನೆಗೆ ಮರೆತದ್ದೇ ದೊಡ್ಡ ತಲೆನೋವಾಗುತ್ತದೆ.

ಅವರ ಮನೆಯವರಿಗೆ ಗೊತ್ತಾದ ಮೇಲೆಯೇ ಪೀಠದಿಂದ ಪ್ರಕಟಣೆ. ಬೇರೆ ಊರಿನ ಒಂದು ಚರ್ಚಿನಲ್ಲಿ ನಾನೇ ಕೂತು ನೋಡಿದ್ದೇನೆ: ಪೂಜೆಯ ಕೊನೆಯ ಪ್ರಕಟಣೆಯಲ್ಲಿ ನಿವೃತ್ತಿಯ ಸುದ್ದಿ ಬಂತು, ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ತಲೆ ತಿರುಗಿಸಿ ಗಂಡನ ಕಡೆ ನೋಡಿದರು. ಆ ನೋಟ ಇನ್ನೂ ನೆನಪಿದೆ.

ಹಂತ 2: ದಿನ ಗೊತ್ತುಮಾಡುವುದು

ಕೊಡಗಿನಲ್ಲಿ ದಿನ ಹುಡುಕುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಕರೆಂಟ್ ಇರುವುದಿಲ್ಲ, ಮರ ಬಿದ್ದು ರಸ್ತೆ ಮುಚ್ಚಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಹಣ್ಣು ನೆಲಕ್ಕೆ ಉದುರುವಾಗ ಭಾನುವಾರವೂ ಕೆಲಸ ನಡೆಯುವ ತೋಟಗಳಿವೆ. ಹೂ ಮಳೆ ಬೀಳದಿದ್ದರೆ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಿಂದೆ ಹಗಲು ರಾತ್ರಿ ಓಡಾಟ. ಸಿದ್ದಾಪುರ, ಗೋಣಿಕೊಪ್ಪದಂಥ ಕಡೆ ಭಾನುವಾರವೇ ಸಂತೆ, ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಜನ ಪೂಜೆ ಮುಗಿದ ಕೂಡಲೇ ಚೀಲ ಹಿಡಿದು ಹೊರಡುತ್ತಾರೆ. ಅವರನ್ನು ಬಿಟ್ಟು ಕಾರ್ಯಕ್ರಮ ಮಾಡಿದರೆ ಅದು ಅರ್ಧ ಊರಿನ ಕಾರ್ಯಕ್ರಮ. ಕ್ವಾಯರಿನಲ್ಲಿ ಎತ್ತರದ ದನಿ ಇರುವುದೇ ಆ ಮನೆಗಳ ಹುಡುಗಿಯರಿಗೆ, ನಮ್ಮಲ್ಲಂತೂ ಹಾಗೆ.

ಚರ್ಚಿನ ಕ್ಯಾಲೆಂಡರನ್ನೂ ನೋಡಬೇಕು. ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಬೇಡವೇ ಬೇಡ. ಆಗ ಮಹಿಮಾ ಗೀತೆ (ಪೂಜೆಯಲ್ಲಿ ಹಾಡುವ 'ಗ್ಲೋರಿಯಾ' ಸ್ತುತಿ) ಇಲ್ಲ, ವಾದ್ಯ ನುಡಿಸುವುದೂ ಹಾಡಿಗೆ ಆಸರೆಯಾಗಿ ಮಾತ್ರ. ಸಂಗೀತಗಾರನನ್ನು ಬೀಳ್ಕೊಡುವ ದಿನವೇ ವಾದ್ಯದ ದನಿ ತಗ್ಗಿಸಿ ಅಂದರೆ ಚೆನ್ನಾಗಿರುತ್ತದೆಯೇ?

ನನ್ನ ಆಯ್ಕೆ ನವೆಂಬರ್ ಮೂರನೇ, ನಾಲ್ಕನೇ ವಾರ. ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾ ಅವರ ಹಬ್ಬ ನವೆಂಬರ್ 22. ಆಗಮನ ಕಾಲ (ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳು) ಶುರುವಾಗುವ ಹಿಂದಿನ ಭಾನುವಾರ ಕ್ರಿಸ್ತರಾಜರ ಹಬ್ಬ, ಅಂದರೆ ಚರ್ಚಿನ ವರ್ಷದ ಕೊನೆಯ ಭಾನುವಾರ. 2026ರಲ್ಲಿ ಇವೆರಡೂ ಒಂದೇ ದಿನ ಬರುತ್ತವೆ. ಮಳೆ ಕಳೆದಿರುತ್ತದೆ, ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗುತ್ತಿರುತ್ತದೆ, ರೋಬಸ್ಟಾಕ್ಕೆ ಇನ್ನೂ ಸಮಯವಿರುತ್ತದೆ. ಹುತ್ತರಿ ಯಾವತ್ತು ಬಿದ್ದಿದೆ ಅಂತ ಒಮ್ಮೆ ನೋಡಿಕೊಳ್ಳಿ, ನೆರೆಮನೆಯ ಕೊಡವರೂ ಗೌಡರೂ ಬರಬೇಕಲ್ಲ.

ಮರುವಾರ ಆಗಮನ ಕಾಲದ ಮೊದಲ ಭಾನುವಾರ. ಹೊಸಬರು ಅಂದೇ ಶುರು ಮಾಡಲಿ. ಆ ನಾಲ್ಕು ವಾರ ಮಹಿಮಾ ಗೀತೆ ಇಲ್ಲ, ವಾದ್ಯವೂ ಹಿತಮಿತ. ಕೈ ಕೂರಲು ಒಳ್ಳೆಯ ಅವಕಾಶ. ತೊಂದರೆ ಏನೆಂದರೆ ಹಿಂದೆಯೇ ಕ್ರಿಸ್ಮಸ್ ರಾತ್ರಿ ಪೂಜೆ ನುಗ್ಗಿ ಬರುತ್ತದೆ. ಅದಕ್ಕೆ ಉಪಾಯ ಕೆಳಗೆ ಹೇಳುತ್ತೇನೆ.

ಹಂತ 3: ಹಾಡುಗಳನ್ನು ಇಳಿಸಿಕೊಳ್ಳುವುದು

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನಾದರೂ ಮಾಡಿ. ಉಳಿದದ್ದನ್ನು ಬಿಟ್ಟರೂ ನಡೆಯುತ್ತದೆ.

ಆಗಸ್ಟ್ ಕೊನೆಯಲ್ಲಿ ಶುರು ಮಾಡಿ. ಮಾಸ್ಟ್ರ ಹಳೆಯ ನೋಟ್‌ಬುಕ್ಕುಗಳನ್ನು ಕೇಳಿ ಪಡೆಯಿರಿ. ಅವರಿಗೆ ಕೊಡಲು ಸಂಕೋಚ ಇರುತ್ತದೆ, "ಅದರಲ್ಲೇನಿದೆ, ಗೀಚಿದ್ದು" ಅನ್ನುತ್ತಾರೆ. ನಮ್ಮ ಮಾಸ್ಟ್ರದ್ದು ಏಳು ಪುಸ್ತಕ. ರಟ್ಟು ಕಿತ್ತು, ದಪ್ಪ ದಾರದಲ್ಲಿ ಹೊಲಿದದ್ದು. ಕನ್ನಡ ಹಾಡು, ಕೊಂಕಣಿ ಹಾಡು, ಮಲಯಾಳಂ ಹಾಡು, ತಮಿಳು ಹಾಡು, ಎಲ್ಲವೂ ಕನ್ನಡ ಲಿಪಿಯಲ್ಲಿ. ಕೊಡಗಿನ ಕ್ವಾಯರ್ ಅಂದಮೇಲೆ ಹಾಗೆಯೇ ಅಲ್ವಾ? ಪ್ರವೇಶ ಗೀತೆ ಕನ್ನಡದಲ್ಲಿ, ಪ್ರಸಾದ ಗೀತೆ ಮಲಯಾಳಂನಲ್ಲಿ, ಕೊನೆಯದು ಕೊಂಕಣಿಯಲ್ಲಿ. ಮಲಯಾಳಂ ಹಾಡುಗಳಲ್ಲಿ ಕೆಲವು 'ಳ' ಅಕ್ಷರದ ಕೆಳಗೆ ಕೆಂಪು ಪೆನ್ನಿನ ಚುಕ್ಕೆ ಇತ್ತು. ಶಾಯಿ ಸೋರಿದ್ದು ಅಂದುಕೊಂಡಿದ್ದೆ. ಕೇಳಿದಾಗ ಗೊತ್ತಾಯಿತು: ಆ ಚುಕ್ಕೆ ಇದ್ದ ಕಡೆ ನಾಲಿಗೆ ಇನ್ನೂ ಒಳಗೆ ಮಡಚಿ ಮಲಯಾಳಿಗಳ 'ಮಳೆ'ಯ ಹಾಗೆ ಹೇಳಬೇಕು. ಕನ್ನಡದ ಮಕ್ಕಳು ತಪ್ಪು ಹೇಳಿ ನಗೆಪಾಟಲಾಗಬಾರದು ಅಂತ ಎಂದೋ ಹಾಕಿದ್ದ ಗುರುತು. ಆ ಚುಕ್ಕೆಯ ಅರ್ಥ ಯಾವ ಪುಟದಲ್ಲೂ ಇರಲಿಲ್ಲ.

ಹಾಗಾಗಿ ಪುಸ್ತಕ ಸ್ಕ್ಯಾನ್ ಮಾಡಿದರೆ ಸಾಲದು. ಪಕ್ಕದಲ್ಲಿ ಕೂತು ಪುಟ ಪುಟ ತಿರುವಿ ಕೇಳಬೇಕು. ಪ್ರತಿ ಹಾಡಿಗೂ ಒಂದೊಂದು ಹಾಳೆ ಮಾಡಿ, ಇಷ್ಟನ್ನು ಬರೆದುಕೊಳ್ಳಿ:

- ಮೊದಲ ಸಾಲು, ಭಾಷೆ, ಪೂಜೆಯ ಯಾವ ಭಾಗಕ್ಕೆ, ಯಾವ ಕಾಲಕ್ಕೆ
- ಸಾಹಿತ್ಯ ಯಾರದು, ರಾಗ ಯಾರದು, ಎಲ್ಲಿಂದ ಕಲಿತದ್ದು
- ಶ್ರುತಿ. ಅವರು 'ಕಪ್ಪು ಒಂದು' ಅಂದರೆ ಹಾಗೇ ಬರೆದು, ಪಕ್ಕದಲ್ಲಿ 'ಸಿ ಶಾರ್ಪ್' ಅಂತಲೂ ಬರೆಯಿರಿ. ಹೊಸ ಹುಡುಗರಿಗೆ ಅದೇ ಭಾಷೆ
- ತಾಳ, ಮತ್ತು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದು

ಉಸಿರಿನ ವಿಷಯ ಸಣ್ಣದು ಅನ್ನಿಸಬಹುದು. ಮುದುಕರೂ ಮಕ್ಕಳೂ ಒಟ್ಟಿಗೆ ಹಾಡುವ ಚರ್ಚಿನಲ್ಲಿ ಹಾಡು ಎಳೆದಾಡುವುದು ಇಲ್ಲೇ. ನಮ್ಮ ಮಾಸ್ಟ್ರು ಮೂರನೇ ಸಾಲಿನ ಕೊನೆಗೆ ಅರ್ಧ ಮಾತ್ರೆ ಜಾಸ್ತಿ ನಿಲ್ಲುತ್ತಿದ್ದರು. ನಾವದನ್ನು ಅವರ ಅಭ್ಯಾಸ ಅಂದುಕೊಂಡಿದ್ದೆವು. "ಹಿಂದಿನ ಬೆಂಚಿನ ಅಜ್ಜಿಯಂದಿರು ಅಲ್ಲಿಗೆ ತಲುಪುವುದು ಬೇಡ್ವಾ?" ಅಂದರು.

ಇನ್ನು ರೆಕಾರ್ಡಿಂಗ್. ದುಬಾರಿ ಸಾಮಾನು ಬೇಡ, ಒಂದು ಒಳ್ಳೆಯ ಮೊಬೈಲ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ. ವಾದ್ಯದ ಮೇಲೆ ಇಡಬೇಡಿ, ಕೀಲಿ ಒತ್ತುವ ಟಕಟಕ ಸದ್ದೇ ಜಾಸ್ತಿ ಬರುತ್ತದೆ. ಐದಾರು ಅಡಿ ದೂರದಲ್ಲಿ ಕುರ್ಚಿಯ ಮೇಲೆ ಮಡಚಿದ ಟವೆಲ್ ಹಾಕಿ ಅದರ ಮೇಲಿಡಿ. ಮಳೆ ಹೊಡೆಯುವಾಗ ತಗಡಿನ ಮಾಡಿನ ಕೆಳಗೆ ಕೂತರೆ ಪ್ರಯೋಜನವಿಲ್ಲ. ಸಂಜೆ ಆರೂವರೆ ಆದರೆ ಜೀರುಂಡೆಗಳ ಕಛೇರಿ ಶುರು. ನಮಗೆ ಸರಿಹೋದದ್ದು ಬೆಳಗಿನ ಪೂಜೆ ಮುಗಿದ ಮೇಲಿನ ಒಂದು ಗಂಟೆ.

ಪ್ರತಿ ಹಾಡನ್ನೂ ಮೂರು ಸಲ ನುಡಿಸಿಸಿ. ಮೊದಲು ಬರೀ ರಾಗ, ಒಂದೇ ಕೈಯಲ್ಲಿ, ನಿಧಾನವಾಗಿ. ಆಮೇಲೆ ಎರಡೂ ಕೈಯಲ್ಲಿ. ಕೊನೆಗೆ ಅವರೇ ಹಾಡುತ್ತಾ. ದನಿ ನಡುಗಿದರೆ ನಡುಗಲಿ. ಒಂದು ಕೂರಿಕೆಗೆ ಆರೇಳು ಹಾಡಿಗಿಂತ ಹೆಚ್ಚು ಆಗುವುದಿಲ್ಲ, ಒತ್ತಾಯವೂ ಬೇಡ. ವಾರಕ್ಕೆ ಎರಡು ಸಲ ಕೂತರೆ ಹತ್ತು ವಾರದಲ್ಲಿ ನೂರಿಪ್ಪತ್ತು ಹಾಡು ಬರುತ್ತದೆ. ಸಣ್ಣ ಚರ್ಚಿಗೆ ಅದು ಧಾರಾಳ. ಸಾವಿನ ಪೂಜೆಯ ಹಾಡುಗಳನ್ನು ಮೊದಲ ವಾರವೇ ಮುಗಿಸಿ. ಕ್ರಿಸ್ಮಸ್ ಹಾಡು ಯಾವಾಗ ಬೇಕು ಅಂತ ಗೊತ್ತಿರುತ್ತದೆ, ಸಾವಿನ ಹಾಡು ಹೇಳಿ ಬರುವುದಿಲ್ಲ.

ಫೈಲುಗಳಿಗೆ ಹಾಡಿನ ಮೊದಲ ಸಾಲಿನ ಹೆಸರನ್ನೇ ಇಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಚರ್ಚ್ ಆಫೀಸಿನ ಕಬ್ಬಿಣದ ಬೀರುವಿಗೆ, ಒಂದು ಆನ್‌ಲೈನ್ ಡ್ರೈವ್‌ಗೆ, ಒಂದು ಹೊಸಬರಿಗೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿಡಿ. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯದ ಕಾಗದ ಇಲ್ಲ.

ಹಕ್ಕುಸ್ವಾಮ್ಯದ ಬಗ್ಗೆಯೂ ಎರಡು ಮಾತು. ಪ್ರಾಮಾಣಿಕ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಾಡಿನ ಪುಸ್ತಕ ಅಚ್ಚು ಹಾಕಿಸುವುದು, ಯೂಟ್ಯೂಬ್‌ಗೆ ಏರಿಸುವುದು ಬೇರೆ ಮಾತು. ಬರೆದವರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಅವರ ವಾರಸುದಾರರಲ್ಲಿ ಇರುತ್ತದೆ. ಮಾಸ್ಟ್ರೇ ಕಟ್ಟಿದ ರಾಗಗಳಿಗೆ ಅವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬರೆಸಿಕೊಳ್ಳುವಾಗ ಹಾಳೆಯ ಮೇಲೆ 'ರಾಗ:' ಅಂತ ಬರೆದು ಮುಂದೆ ಅವರ ಹೆಸರು ಹಾಕಿ ತೋರಿಸಿ. ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

ಹಂತ 4: ವಾದ್ಯವನ್ನೂ ಹಸ್ತಾಂತರಿಸಿ

ಚರ್ಚಿನ ಕೀಬೋರ್ಡಿನ ಗುಟ್ಟುಗಳು ಮಾಸ್ಟ್ರಿಗೆ ಮಾತ್ರ ಗೊತ್ತಿರುತ್ತವೆ. ಯಾವ ಕೀಲಿ ಅಂಟಿಕೊಳ್ಳುತ್ತದೆ, ಅಡಾಪ್ಟರ್ ವೈರನ್ನು ಯಾವ ಕೋನದಲ್ಲಿ ಮಡಚಿದರೆ ಕರೆಂಟ್ ಹಿಡಿಯುತ್ತದೆ ಅನ್ನುವುದೆಲ್ಲ. ಅಡಾಪ್ಟರ್ ಹೊಸದು ತನ್ನಿ, ಮಡಚಿ ಹಿಡಿಯುವ ವಿದ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಬೇಡ.

ಹಾರ್ಮೋನಿಯಂ ಇದ್ದರೆ ಗುಜರಿಗೆ ಹಾಕಬೇಡಿ. ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕುಯ್ಯೋ ಅಂದಾಗ ಕೈ ಹಿಡಿಯುವುದು ಅದೇ. ತೇವಕ್ಕೆ ರೀಡುಗಳು ತುಕ್ಕು ಹಿಡಿದು ಶ್ರುತಿ ತಪ್ಪುತ್ತವೆ, ಮರ ಉಬ್ಬಿ ಕೀಲಿ ಬಿಗಿಯಾಗುತ್ತದೆ, ತಿದಿಯ ಚರ್ಮಕ್ಕೆ ಇಲಿ ಬಾಯಿ ಹಾಕುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಬದಲಾಯಿಸಿ. ವಾರಕ್ಕೆ ಎರಡು ಸಲವಾದರೂ ನುಡಿಸಿ. ನುಡಿಸದ ಪೆಟ್ಟಿಗೆಯೇ ಬೇಗ ಹಾಳಾಗುವುದು. ರಿಪೇರಿಗೆ ಮೈಸೂರು, ಮಂಗಳೂರಿಗೆ ಒಯ್ಯುವವರು ಮಳೆ ಮುಗಿದ ಮೇಲೆ ಒಯ್ಯಿರಿ. ಮಳೆಯಲ್ಲಿ ಶ್ರುತಿ ಮಾಡಿಸಿದ್ದು ಬಿಸಿಲಿಗೆ ಮತ್ತೆ ತಪ್ಪುತ್ತದೆ.

ಏನೇನಿದೆ ಅಂತ ಪಟ್ಟಿ ಮಾಡಿ. ಅದರಲ್ಲಿ ಮಾಸ್ಟ್ರ ಸ್ವಂತದ್ದು ಯಾವುದು ಅಂತ ಕೇಳಿ ಬರೆಯಿರಿ. ಇಪ್ಪತ್ತು ವರ್ಷದಿಂದ ಚರ್ಚಿನದ್ದು ಅಂದುಕೊಂಡಿದ್ದ ನಮ್ಮ ಮೈಕ್ ಸ್ಟ್ಯಾಂಡು ಅವರ ಮನೆಯದಾಗಿತ್ತು!

ಹಂತ 5: ದುಡ್ಡಿನ ಮಾತು

ಇದನ್ನು ಎತ್ತಲು ಎಲ್ಲರಿಗೂ ಮುಜುಗರ. "ಅವರದು ಸೇವೆ" ಅಂದುಬಿಟ್ಟರೆ ಮಾತು ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಚರ್ಚಿನ ಕಾನೂನು ಸಂಹಿತೆಯ 231ನೇ ನಿಯಮ ನೋಡಿ. ಚರ್ಚಿನ ಸೇವೆಗೆ ತಮ್ಮನ್ನು ಮೀಸಲಿಟ್ಟ ಗೃಹಸ್ಥರಿಗೆ, ಅಂದರೆ ಪಾದ್ರಿಗಳಲ್ಲದ ಸಾಮಾನ್ಯ ವಿಶ್ವಾಸಿಗಳಿಗೆ, ಅವರ ಸ್ಥಿತಿಗೆ ತಕ್ಕ ಸಂಭಾವನೆ ಪಡೆಯುವ ಹಕ್ಕಿದೆ ಅಂತ ಅದೇ ಹೇಳುತ್ತದೆ.

ಎಷ್ಟು ಕೊಡಬೇಕು? ಅವರವರ ಶಕ್ತಿ. ಆದರೆ ಒಂದು ಅಳತೆಗೋಲು ಇದ್ದರೆ ಮೀಟಿಂಗಿನಲ್ಲಿ ಜಗಳ ಕಡಿಮೆ. ನಾವು ಗ್ರಾಚ್ಯುಯಿಟಿಯ ಲೆಕ್ಕವನ್ನು ಎರವಲು ತೆಗೆದುಕೊಂಡೆವು. ಕಾನೂನು ನಮಗೆ ಅನ್ವಯಿಸುತ್ತದೋ ಇಲ್ಲವೋ ಅನ್ನುವ ಚರ್ಚೆಗೇ ಹೋಗಲಿಲ್ಲ. ತಿಂಗಳ ಗೌರವಧನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸೇವೆಯ ವರ್ಷಗಳಿಂದ ಗುಣಿಸಿ. ತಿಂಗಳಿಗೆ 6,000 ರೂಪಾಯಿ, 32 ವರ್ಷ ಅಂದರೆ ಸುಮಾರು 1,10,770 ರೂಪಾಯಿ. ಕೊನೆಯ ತಿಂಗಳ ಗೌರವಧನವನ್ನೇ ಹಿಡಿಯಿರಿ, ಮೊದಲು ಕೊಡುತ್ತಿದ್ದ ಇನ್ನೂರು ರೂಪಾಯಿಯನ್ನಲ್ಲ.

ದುಡ್ಡು ಕೂಡಿಸಲು ಎರಡನೇ ಕಾಣಿಕೆ ತಟ್ಟೆ, ಊರು ಬಿಟ್ಟು ಹೋದ ಹಳೆಯ ಕ್ವಾಯರ್ ಸದಸ್ಯರು, ಮಾಸ್ಟ್ರು ಮದುವೆಯಲ್ಲಿ ನುಡಿಸಿದ ದಂಪತಿಗಳು. ಈ ಕೊನೆಯವರು ಚೆನ್ನಾಗಿ ಕೊಡುತ್ತಾರೆ. ಎಲ್ಲವೂ ಚರ್ಚಿನ ಖಾತೆಗೇ ಬರಲಿ, ಯಾರದೋ ಫೋನಿನ ಯುಪಿಐಗೆ ಬೇಡ. ಮಾಸ್ಟ್ರ ಖಾತೆಗೆ ಮುಂಚೆಯೇ ಜಮಾ ಮಾಡಿ. ವೇದಿಕೆಯ ಮೇಲೆ ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೊ ತೆಗೆಸುವುದು ನನಗಂತೂ ಹಿಡಿಸದು. 60 ದಾಟಿದವರಾದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಗ್ಗೆ ಹೇಳಿ. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ಹಂತ 6: ಹೊಸಬರನ್ನು ಪಕ್ಕದಲ್ಲಿ ಕೂರಿಸುವುದು

ನಮಗೆ ಸಿಕ್ಕಿದ್ದು ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿ. ಕೀಬೋರ್ಡ್ ಕಲಿತದ್ದು ಯೂಟ್ಯೂಬ್ ನೋಡಿ. ಪರಿಷತ್ತಿನಲ್ಲಿ ಇಬ್ಬರು ಮೂಗು ಮುರಿದರು, "ಮದುವೆಯಾಗಿ ಹೋದರೆ?" ಅಂದರು. ಹೋದರೆ ಇನ್ನೊಬ್ಬರು. ಅದಕ್ಕೇ ಒಬ್ಬರನ್ನೇ ನೆಚ್ಚಬೇಡಿ, ಇಬ್ಬರನ್ನೋ ಮೂವರನ್ನೋ ತಯಾರು ಮಾಡಿ. 32 ವರ್ಷ ಒಬ್ಬರೇ ನುಡಿಸಿದ್ದು ಅವರ ದೊಡ್ಡತನ, ನಿಜ. ನಮ್ಮ ಸೋಮಾರಿತನವೂ ಹೌದು.

ಜೊತೆಗೂಡಿ ನುಡಿಸುವುದಕ್ಕೆ ನಾವು ಮಾಡಿದ ಕ್ರಮ ಹೀಗಿತ್ತು. ಮೊದಲ ನಾಲ್ಕು ಭಾನುವಾರ ಅವಳು ಪಕ್ಕದಲ್ಲಿ ಕೂತು ಪುಟ ತಿರುವಿದಳು, ಅಷ್ಟೇ. ಮುಂದಿನ ನಾಲ್ಕು ವಾರ ಪ್ರಸಾದ ಗೀತೆ ಮಾತ್ರ ಅವಳದು. ಅದು ನಿಧಾನದ ಹಾಡು, ಜನ ಪರಮಪ್ರಸಾದಕ್ಕೆ ಸಾಲಿನಲ್ಲಿ ನಡೆಯುತ್ತಿರುತ್ತಾರೆ, ತಪ್ಪಿದರೂ ಯಾರೂ ತಿರುಗಿ ನೋಡುವುದಿಲ್ಲ. ಆಮೇಲಿನ ಮೂರು ವಾರ ಅರ್ಧ ಅರ್ಧ. ಕೊನೆಯ ಭಾನುವಾರದ ಹಿಂದಿನ ವಾರ ಪೂರ್ತಿ ಅವಳೇ, ಮಾಸ್ಟ್ರು ಕೆಳಗೆ ಜನರ ಮಧ್ಯೆ ಕೂತು ಕೇಳಿದರು. ಮೇಲೆ ಕ್ವಾಯರಿನ ಅಟ್ಟದಲ್ಲಿ ಕೂತವರಿಗೆ ಕೇಳಿಸುವುದೇ ಬೇರೆ, ಕೆಳಗೆ ಕೇಳಿಸುವುದೇ ಬೇರೆ ಅಂತ ಅವರಿಗೂ ಅಂದೇ ಗೊತ್ತಾದದ್ದಂತೆ!

ಅವಳ ಗೌರವಧನವನ್ನು ಮೊದಲೇ ಹೇಳಿ, ಬರೆದು ಕೊಡಿ. ಪರೀಕ್ಷೆಯ ವಾರ ರಜೆ. ಚಿಕ್ಕ ಮಕ್ಕಳ ಅಭ್ಯಾಸ ಇರುವಾಗ ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರು ಜೊತೆಗಿರಲಿ, ನುಡಿಸುವವರು ಯಾರೇ ಆಗಿರಲಿ.

ಕ್ವಾಯರಿನವರಿಗೆ ಒಂದು ಕಟ್ಟಪ್ಪಣೆ: ಮೂರು ತಿಂಗಳು "ಮಾಸ್ಟ್ರು ಹೀಗೆ ನುಡಿಸ್ತಾ ಇರಲಿಲ್ಲ" ಅನ್ನುವ ಮಾತು ಬಾಯಿಂದ ಬರಕೂಡದು. ಅಂದವರು ಅಂದಿನ ಚಹಾದ ಖರ್ಚು ಕೊಡಬೇಕು. ನಮ್ಮಲ್ಲಿ ಮೊದಲ ತಿಂಗಳು ಚಹಾಕ್ಕೆ ಚರ್ಚಿನ ದುಡ್ಡು ಒಂದು ಪೈಸೆ ಖರ್ಚಾಗಲಿಲ್ಲ.

ಹಂತ 7: ಬಿನ್ನವತ್ತಳೆ ಮತ್ತು ಉಡುಗೊರೆ

ಬಿನ್ನವತ್ತಳೆ ಅಂದರೆ 'ಸಂಗೀತ ಸರಸ್ವತಿಯ ವರಪುತ್ರರೇ' ಅಂತ ಶುರುಮಾಡುವ ಅಚ್ಚಿನ ಅಂಗಡಿಯ ಸಿದ್ಧ ಪ್ರತಿಯಲ್ಲ. ಲೆಕ್ಕ ಬರೆಯಿರಿ. 32 ವರ್ಷಕ್ಕೆ ಭಾನುವಾರಗಳೇ 1,664. ಚರ್ಚಿನ ಮದುವೆ ಮತ್ತು ಮರಣದ ರಿಜಿಸ್ಟರ್ ತೆಗೆದು ಅವರ ಕಾಲದ ನಮೂದುಗಳನ್ನು ಎಣಿಸಿ. ನಾಲ್ಕು ಸಂಜೆಯ ಕೆಲಸ. ಎಣಿಸುವಾಗ ನಿಮ್ಮ ಅಜ್ಜನ ಹೆಸರು ಸಿಗುತ್ತದೆ, ಅವತ್ತು ಮಳೆಯಲ್ಲಿ ಹೆಗಲ ಮೇಲೆ ಹಾರ್ಮೋನಿಯಂ ಹೊತ್ತು ಬಂದವರು ಯಾರು ಅನ್ನುವುದು ನೆನಪಾಗುತ್ತದೆ. ಅದನ್ನು ಬರೆಯಿರಿ. ಒಂದು ಪುಟ ಮೀರಬೇಡಿ. ಮಾಸ್ಟ್ರ ಹೆಂಡತಿಯ ಹೆಸರು ಅದರಲ್ಲಿ ಇರಲೇಬೇಕು.

ಉಡುಗೊರೆಗೆ ಕೊಡಗಿನಲ್ಲಿ ಎಲ್ಲರೂ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿಯ) ಫ್ರೇಮಿಗೆ ಓಡುತ್ತಾರೆ. ಚೆಂದವೇ. ಆದರೆ ಹಿರಿಯರ ಶೋಕೇಸಿನಲ್ಲಿ ಆಗಲೇ ನಾಲ್ಕು ಇರುತ್ತವೆ. ಅವರಿಗೆ ಏನು ಬೇಕು ಅಂತ ಮಕ್ಕಳನ್ನು ಕೇಳಿ. ನಾವು ಅವರ ಮನೆಯ ಹಳೇ ಹಾರ್ಮೋನಿಯಂಗೆ ಹೊಸ ತಿದಿ ಹಾಕಿಸಿ, ರೀಡು ಶ್ರುತಿ ಮಾಡಿಸಿ ಕೊಟ್ಟೆವು. ರಿಪೇರಿಗೆ ಅಂತ ಮಗನ ಕೈಯಲ್ಲಿ ಗುಟ್ಟಾಗಿ ತರಿಸಿಕೊಳ್ಳಲು ಪಟ್ಟ ಪಾಡು ಹೇಳಿದರೆ ಇನ್ನೊಂದು ಲೇಖನ.

ಹಂತ 8: ಆ ದಿನ

ಪೂಜೆಯನ್ನು ಸನ್ಮಾನ ಸಭೆ ಮಾಡಬೇಡಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರಿಗಾಗಿ ಒಂದು ಬಿನ್ನಹ, ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮೊದಲು ಫಾದರ್ ಎರಡು ಮಾತು. ಉಳಿದದ್ದೆಲ್ಲ ಹಾಲ್‌ನಲ್ಲಿ.

ಆ ದಿನ ಮಾಸ್ಟ್ರು ನುಡಿಸಬೇಕೇ? ಇದರ ಬಗ್ಗೆ ನಮ್ಮಲ್ಲಿ ದೊಡ್ಡ ವಾಗ್ವಾದವೇ ಆಯಿತು. ಮೊದಲನೇ ಸಲ ಇಡೀ ಪೂಜೆ ನುಡಿಸಿ, ಆಮೇಲೆ ತಮ್ಮದೇ ಸನ್ಮಾನದ ಪ್ರಾರ್ಥನಾ ಗೀತೆಗೂ ಮಾಸ್ಟ್ರೇ ಎದ್ದು ಹೋಗಿ ನುಡಿಸಿದ್ದರು. ಬೇರೆ ಯಾರಿಗೂ ಬರುತ್ತಿರಲಿಲ್ಲವಲ್ಲ. ಈ ಸಲ ಹೀಗೆ ಮಾಡಿದೆವು: ಪ್ರವೇಶ ಗೀತೆಯಿಂದ ಪ್ರಸಾದ ಗೀತೆಯ ತನಕ ಮಾಸ್ಟ್ರು. ಕೊನೆಯ ಹಾಡಿಗೆ ಅವರು ಎದ್ದರು, ಹುಡುಗಿ ಕೂತಳು. ಸ್ಟೂಲಿನ ಎತ್ತರ ಅವಳಿಗೆ ಸರಿಯಾಗಲಿಲ್ಲ. ಮಾಸ್ಟ್ರು ಬಗ್ಗಿ ಸ್ಕ್ರೂ ತಿರುಗಿಸಿ ಸರಿಮಾಡಿಕೊಟ್ಟು, ತಮ್ಮ ಹಾಡಿನ ಪುಸ್ತಕವನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಪಕ್ಕಕ್ಕೆ ಸರಿದರು. ಭಾಷಣ ಮಾಡಿಸಿದ್ದರೆ ಇದರ ಕಾಲು ಭಾಗವೂ ಬರುತ್ತಿರಲಿಲ್ಲ.

ಹಾಲ್‌ನ ಕಾರ್ಯಕ್ರಮ ಒಂದು ಗಂಟೆಗಿಂತ ಜಾಸ್ತಿ ಬೇಡ. ಮೂರೇ ಜನ ಮಾತಾಡಲಿ: ಒಬ್ಬ ಹಳೇ ಶಿಷ್ಯ, ಲೈನ್ ಮನೆಯಿಂದ ಒಬ್ಬರು, ಮಾಸ್ಟ್ರ ಮನೆಯಿಂದ ಒಬ್ಬರು. ರಾಜಕೀಯದವರನ್ನು ಕರೆದರೆ ಅವರು ಬರುವ ತನಕ ಅನ್ನ ಆರಿಹೋಗುತ್ತದೆ. ಹಳೆಯ ಕ್ವಾಯರ್ ಸದಸ್ಯರನ್ನೆಲ್ಲ ಸೇರಿಸಿ ಒಂದು ಹಾಡು ಹಾಡಿಸಿ, ಒಂದು ದಿನ ಮುಂಚೆ ಒಂದೇ ಅಭ್ಯಾಸ ಸಾಕು. ಹೊಸ ಹುಡುಗಿಯ ಕೈಗೆ ಮೇಲಿನ ಬಾಗಿಲಿನ ಬೀಗದಕೈಯನ್ನು ಮಾಸ್ಟ್ರೇ ಎಲ್ಲರ ಮುಂದೆ ಕೊಡಲಿ.

ಊಟ. ಹಂದಿ ಮಾಂಸ ಇದ್ದೇ ಇರುತ್ತದೆ, ನೂರು ಜನಕ್ಕೆ ಇಪ್ಪತ್ತು ಕಿಲೋ ಲೆಕ್ಕ. ಕೊಡವ ಗೆಳೆಯರಿದ್ದರೆ ಕಡಂಬುಟ್ಟು, ಮಂಗಳೂರು ಕಡೆಯವರಿದ್ದರೆ ಸನ್ನ. ಮಾಸ್ಟ್ರ ಸ್ನೇಹಿತರಲ್ಲಿ ಮುಸ್ಲಿಮರು, ಸಸ್ಯಾಹಾರಿಗಳು ಇರುತ್ತಾರೆ. ಅವರ ಅಡುಗೆಗೆ ಬೇರೆ ಒಲೆ, ಬೇರೆ ಸೌಟು, ಬೇರೆ ಮೇಜು, ಮೇಲೊಂದು ಚೀಟಿ. ಕೋಳಿಯನ್ನು ಮುಸ್ಲಿಂ ಸ್ನೇಹಿತರು ಕೊಳ್ಳುವ ಅಂಗಡಿಯಿಂದಲೇ ತನ್ನಿ. ಕೇಳಿ ತಿಳಿದುಕೊಳ್ಳುವಂತೆ ಅತಿಥಿಗಳನ್ನು ಮಾಡಬಾರದು.

ಹಂತ 9: ಮುಂದಿನ ಭಾನುವಾರ

ಎಲ್ಲ ಮುಗಿದ ಮೇಲೆ ಬರುವ ಭಾನುವಾರದ ಬಗ್ಗೆ ಯಾರೂ ಯೋಚಿಸುವುದಿಲ್ಲ. 32 ವರ್ಷ ಮೇಲೆ ಕೂತವರಿಗೆ ಕೆಳಗೆ ಯಾವ ಬೆಂಚು ತಮ್ಮದು ಅಂತ ಗೊತ್ತಿರುವುದಿಲ್ಲ. ನಮ್ಮ ಮಾಸ್ಟ್ರು ಮದುವೆಯಾದ ಮೇಲೆ ಒಂದು ಭಾನುವಾರವೂ ಹೆಂಡತಿಯ ಪಕ್ಕ ಕೂತು ಪೂಜೆ ಕೇಳಿದವರಲ್ಲ. ಬಾಗಿಲಲ್ಲಿ ಬಂದು ಆಚೆ ಈಚೆ ನೋಡಿದರು. ನಾವು ಒಬ್ಬ ಹುಡುಗನನ್ನು ಮೊದಲೇ ನಿಲ್ಲಿಸಿದ್ದೆವು, ಅವನು ಕರೆದುಕೊಂಡು ಹೋಗಿ ಆಂಟಿಯ ಪಕ್ಕ ಕೂರಿಸಿದ. ನೀವೂ ಯಾರನ್ನಾದರೂ ನಿಲ್ಲಿಸಿ.

ಕ್ರಿಸ್ಮಸ್ ರಾತ್ರಿ ಪೂಜೆಗೆ ಮಾಸ್ಟ್ರನ್ನು ಮೇಲೆ ಕರೆಯಿರಿ, ಆದರೆ ಹಾಡುವ ಸಾಲಿಗೆ. ನುಡಿಸುವುದು ಹೊಸಬರೇ. ಅವರು ಅಲ್ಲಿದ್ದಾರೆ ಅನ್ನುವ ಧೈರ್ಯಕ್ಕೆ ಅರ್ಧ ತಪ್ಪು ಆಗುವುದೇ ಇಲ್ಲ. ಈಸ್ಟರ್ ಹೊತ್ತಿಗೆ ಅದೂ ಬೇಕಾಗುವುದಿಲ್ಲ. ಹೊಸಬರು ಹೊಸ ಹಾಡು ತರಲಿ, ತಿಂಗಳಿಗೆ ಒಂದು. ಎರಡು ತಂದರೆ ಬೆಂಚಿನಲ್ಲಿರುವವರು ಬಾಯಿ ಮುಚ್ಚುತ್ತಾರೆ.

ಇನ್ನೊಂದು ಬಾಕಿ. ಸಕ್ರಿಸ್ತಿಯ (ಫಾದರ್ ಪೂಜೆಗೆ ಸಿದ್ಧವಾಗುವ ಕೋಣೆಯ) ಗೋಡೆಯ ಮೇಲೆ ಫೋನ್ ನಂಬರುಗಳ ಚೀಟಿ ಇರುತ್ತದಲ್ಲ, ಸಾವಿನ ಸುದ್ದಿ ಬಂದಾಗ ಯಾರಿಗೆ ಮೊದಲು ಹೇಳಬೇಕು ಅಂತ, ಅದನ್ನು ಬದಲಾಯಿಸಿ. ಇಲ್ಲದಿದ್ದರೆ ರಾತ್ರಿ ಮೂರು ಗಂಟೆಗೆ ಹಳೇ ನಂಬರಿಗೇ ಫೋನ್ ಹೋಗುತ್ತದೆ, ಅವರು ಎದ್ದು ಹೊರಡುತ್ತಾರೆ. ನಮ್ಮ ಚೀಟಿಯಲ್ಲಿ ಈಗ ಹುಡುಗಿಯ ಅಪ್ಪನ ನಂಬರ್ ಮೊದಲು. ಮಾಸ್ಟ್ರ ನಂಬರನ್ನು ಯಾರೋ ಕೆಳಗೆ ಪೆನ್ಸಿಲಿನಲ್ಲಿ ಮತ್ತೆ ಬರೆದಿದ್ದಾರೆ. ಅಕ್ಷರ ನೋಡಿದರೆ ಮಾಸ್ಟ್ರದ್ದೇ.